ಶುಂಠಿಗೆ ಮೂರು

ಮತ್ತಿಕೆರೆಯ ಬಸ್ ಸ್ಟಾಪಿನೆದುರು ಹಸೀನಾಬಿಯ ಗಾಡಿ.
ಜೂನ್ ಬಂತೆಂದರೆ ನೇರಳೆ ರಾಶಿ, ಪಕ್ಕಕ್ಕೆ ಉಪ್ಪುಖಾರದ ಡಬ್ಬಿ.
"ನಿಮಗೆ ಕಾಲು ಕೇಜಿ ಮೇಡಂ. ಅದಕ್ಕೆ?"
ಅದು ಅಂದರೆ ಶುಂಠಿ.
ಸಿಪ್ಪೆ ಹೆರೆಯದ ಶುಂಠಿಯದೇ ಬಣ್ಣ, ಒಂದು ಕಿವಿ ಮಡಚಿದ್ದು,
ಐದು ವರ್ಷದ ಹಿಂದೆ ಮೆಟ್ಟಿಲ ಕೆಳಗೆ
ಸ್ಕೂಟರಿನ ಕವರಿನೊಳಗೆ ಸಿಕ್ಕವಳು.
"ಮೂರು," ಅನ್ನುತ್ತೇನೆ.
ಹಸೀನಾಬಿ ಮೂರನ್ನೇ ಬೇರೆ ಪೊಟ್ಟಣ ಕಟ್ಟುತ್ತಾಳೆ,
ಉಪ್ಪುಖಾರ ಸೋಕದ ಹಾಗೆ.

ಮೊದಲು ನನಗೆ ಲೆಕ್ಕ ಇರಲಿಲ್ಲ.
ಹಾಕಿದ್ದನ್ನೆಲ್ಲ ತಿಂದರೆ ಅದೇ ಪ್ರೀತಿ ಅಂದುಕೊಂಡವಳು.
ಇಡ್ಲಿ, ಕೋಡುಬಳೆ, ವರ್ಷಕ್ಕೊಮ್ಮೆ ಸತ್ಯನಾರಾಯಣನ ಸಪಾದ.

ಹೋದ ಮಾಘದ ಪೂಜೆ.
ತಟ್ಟೆಯಲ್ಲಿದ್ದ ಕಪ್ಪು ದ್ರಾಕ್ಷಿಯ ಗೊಂಚಲು
ಮಂಗಳಾರತಿ ಮುಗಿಯುವಷ್ಟರಲ್ಲಿ ಬರೀ ಕಡ್ಡಿ.
ಎಲ್ಲರೂ ನಕ್ಕರು. ನಾನೂ ನಕ್ಕೆ.
ನಗದವನು ಮೇಲಿನ ಮನೆಯ ಡೆಂಜಿಲ್ ಒಬ್ಬನೇ,
ಪಶುವೈದ್ಯ ಓದುವ ಹುಡುಗ, ಪ್ರಸಾದಕ್ಕೆ ಬಂದವನು.
ದೊನ್ನೆ ಕೆಳಗಿಟ್ಟು ಕೇಳಿದ: "ಎಷ್ಟು ಹೊತ್ತಾಯ್ತು ಆಂಟಿ?"

ಹೆಬ್ಬಾಳದ ಫ್ಲೈಓವರ್ ಆ ದಿನ ಎಷ್ಟು ಉದ್ದವಿತ್ತು.
ಆಟೋದಲ್ಲಿ ರೇಷ್ಮೆಸೀರೆಯ ನಾನು, ತೊಡೆಯ ಮೇಲೆ ಇವಳು,
ಏನೂ ಆಗದವಳಂತೆ ನನ್ನ ಬಳೆ ನೆಕ್ಕುತ್ತ.
ಸೂಜಿ ಚುಚ್ಚಿ ವಾಂತಿ ಮಾಡಿಸಿದರು.
ಹನ್ನೊಂದು. ಇಡಿಯಿಡಿಯಾಗಿ.
ಡಾಕ್ಟರಮ್ಮ ಎಣಿಸಿದರು, ನಾನೂ ಎಣಿಸಿದೆ.
ಆಮೇಲೆ ಎರಡು ದಿನ ಡ್ರಿಪ್ಪು.
"ಕಿಡ್ನಿಗೆ ಹೊಡೆಯುತ್ತೆ ಇದು. ಒಂದು ನಾಯಿ ಹತ್ತು ತಿಂದು ಬಾಲ ಆಡಿಸುತ್ತೆ,
ಇನ್ನೊಂದಕ್ಕೆ ನಾಲ್ಕೇ ಸಾಕು. ಯಾವುದಕ್ಕೆ ಎಷ್ಟೋ, ಮೊದಲೇ ಹೇಳೋಕಾಗಲ್ಲ."
"ಒಣದ್ರಾಕ್ಷಿ?"
"ಅದೂ ಅಷ್ಟೇ."
ಸಪಾದ ತಿನ್ನಿಸಿದ ವರ್ಷಗಳೆಲ್ಲ ನೆನಪಾಗಿ
ಆಸ್ಪತ್ರೆಯ ಬೆಂಚಿನ ಮೇಲೆ ಕೂತುಬಿಟ್ಟೆ.

ಈಗ ಫ್ರಿಜ್ಜಿನ ಮೇಲೆ ನನ್ನ ಶುಗರ್ ಚೀಟಿಯ ಪಕ್ಕ ಇವಳದೊಂದು ಚೀಟಿ.
ಡೆಂಜಿಲನ ಕೋಳಿಕಾಲು ಅಕ್ಷರ:
ಬ್ಲೂಬೆರಿ ಆಗಬಹುದು. ಸ್ಟ್ರಾಬೆರಿ, ತೊಟ್ಟು ಕಿತ್ತು, ಹೆಚ್ಚಿ.
ಹಿಪ್ಪುನೇರಳೆ ಕಳಿತಿದ್ದರೆ. ನೇರಳೆ, ಬೀಜ ಬಿಡಿಸಿ.
ಜಾಮ್ ಬೇಡ. ಪಾರ್ಕಿನ ಬೇಲಿಯ ಲಂಟಾನಕ್ಕೆ ಬಾಯಿ ಹಾಕಲು ಬಿಡಬೇಡಿ.
ಗೊತ್ತಿಲ್ಲದ ಹಣ್ಣು ಬೇಡವೇ ಬೇಡ.
ಕೆಳಗೆ ಗೀಟೆಳೆದು: ಊಟಕ್ಕಲ್ಲ ಆಂಟಿ, ಬಾಯಿರುಚಿಗೆ.

ಬ್ಲೂಬೆರಿ ಒಮ್ಮೆ ತಂದೆ,
ಮುಷ್ಟಿಯಷ್ಟು ಡಬ್ಬಿ, ನಾಲ್ಕು ದಿನದ ಹಾಲಿನ ದುಡ್ಡು.
ತೊಳೆದು, ಒರೆಸಿ, ಅಂಗೈಯಲ್ಲಿಟ್ಟೆ.
ಬಾಯಿಗೆ ಹಾಕಿಕೊಂಡಳು, ಚೌಕಾಶಿಗೆ ನಿಂತವಳಂತೆ ಅತ್ತಿತ್ತ ಹೊರಳಿಸಿದಳು,
ಮರ್ಯಾದೆಯಿಂದ ನೆಲದ ಮೇಲಿಟ್ಟಳು.
ಉರುಳಿ ಸೋಫಾದಡಿ ಸೇರಿದ್ದು
ದೀಪಾವಳಿಗೆ ಮನೆ ಗುಡಿಸುವಾಗ ಸಿಕ್ಕಿತು,
ಒಣಗಿ, ಮೆಣಸಿನ ಕಾಳಿನಷ್ಟು.

ನೇರಳೆಯಾದರೆ ಬೇರೆ ಮಾತು.
ಪೊಟ್ಟಣದ ಸದ್ದಿಗೇ ಮಡಚಿದ ಕಿವಿ ನೆಟ್ಟಗಾಗುತ್ತದೆ.
ಸಂಜೆ ಮೆಟ್ಟಿಲ ಮೇಲೆ ಕೂತು ತಿರುಳು ಬಿಡಿಸುತ್ತೇನೆ,
ಬೀಜ ನನ್ನ ಮಡಿಲಿಗೆ, ಒಂದು, ಎರಡು, ತಪ್ಪದಂತೆ.
ಅವಳಿಗೊಂದು ಚೂರು, ನನಗೊಂದು ಹಣ್ಣು.
ನನ್ನ ಲೆಕ್ಕ ಇಡುವವಳು ಮಗಳು,
ಅಡಿಗೆಮನೆಯಿಂದಲೇ ಕೂಗುತ್ತಾಳೆ, "ಅಮ್ಮಾ, ಸಾಕು."

ಮೂರು ಮುಗಿದ ಮೇಲೆ ಕಷ್ಟ.
ನೋಡುತ್ತಾಳಲ್ಲ, ಆ ನೋಟ!
ಕೇಳಿದವರಿಗೆ ಇಲ್ಲ ಅನ್ನುವುದನ್ನು
ಐವತ್ತೆರಡರ ತನಕ ನಾನು ಕಲಿತವಳಲ್ಲ,
ಗಂಡನಿಗೆ, ಚೀಟಿ ದುಡ್ಡು ಕೇಳಿ ಬಂದ ನಾದಿನಿಗೆ, ಯಾರಿಗೂ.
ಎರಡೂ ಖಾಲಿ ಕೈ ಬಿಚ್ಚಿ ತೋರಿಸುತ್ತೇನೆ.
ನಂಬುವುದಿಲ್ಲ.
ಬೆರಳ ಸಂದಿಯನ್ನೆಲ್ಲ ನೆಕ್ಕಿ ತಪಾಸಣೆ ಮಾಡುತ್ತಾಳೆ.
ನನ್ನ ನಾಲಗೆಯೂ ನೇರಳೆ, ಅವಳದೂ.

ಬೆಳಿಗ್ಗೆ ವಾಕಿಂಗಿಗೆ ಹೊರಟರೆ ಹಸೀನಾಬಿ ಮತ್ತೆ:
"ಇವತ್ತು ಅದಕ್ಕೆ?"
"ಇವತ್ತಿಲ್ಲ."
ಪೂರ್ತಿ ಬಾಯಿಂದ, ಎರಡನೇ ಸಲ ಕೇಳಿಸಿಕೊಳ್ಳದೆ, ಇವತ್ತಿಲ್ಲ.
ಹಗ್ಗದ ಆ ತುದಿಯಲ್ಲಿ ಶುಂಠಿ
ಗಾಡಿಯ ಚಕ್ರ ಮೂಸುತ್ತ
ನನಗೆ ಕೇಳಿಸದ ಯಾವುದೋ ಉತ್ತರ ಕೊಡುತ್ತಿದ್ದಾಳೆ.